ದೂರದ ಪಾಠಶಾಲೆ, ಮನೆಯ ಮಾತು



ಈ ಉಪನ್ಯಾಸವು ಯಾವ ತಾಯಿಯ ಸ್ಮರಣಾರ್ಥವಾಗಿ ಏರ್ಪಟ್ಟಿದೆಯೋ ಆ ಹಿರಿಯ ಜೀವವನ್ನು ಹತ್ತಿರದಿಂದ ಬಲ್ಲವರಲ್ಲಿ ನಾನೂ ಒಬ್ಬ. ಅವರು ಶಾಲೆಯ ಮೂರನೆಯ ತರಗತಿಯನ್ನು ದಾಟಿದವರಲ್ಲ. ಆದರೆ ಅಡುಗೆಮನೆಯಲ್ಲಿ ಕೊಂಕಣಿಯನ್ನೂ, ನೇಜಿ ನೆಡಲು ಬಂದವರೊಡನೆ ತುಳುವನ್ನೂ, ದೇವಸ್ಥಾನದ ಪುರಾಣವಾಚನದಲ್ಲಿಯೂ ಅಂಚೆಯವನೊಡನೆಯೂ ಕನ್ನಡವನ್ನೂ, ಮುಂಬಯಿಯ ಮಗನ ಮನೆಗೆ ಹೋದಾಗ ನೆರೆಯವರೊಡನೆ ಮರಾಠಿಯನ್ನೂ ಆಡುತ್ತ, ಒಂದರಿಂದ ಇನ್ನೊಂದಕ್ಕೆ ಹೊಸ್ತಿಲು ದಾಟಿದಷ್ಟು ಸಹಜವಾಗಿ ದಾಟುತ್ತ, ದೀರ್ಘವಾದ ಒಂದು ಸಂಸಾರವನ್ನು ನಾಲ್ಕು ಭಾಷೆಗಳಲ್ಲಿ ಸಾಗಿಸಿದರು. ತಮಗೆ ನಾಲ್ಕು ಭಾಷೆ ಬರುತ್ತದೆಂದು ಅವರು ಯಾವ ದಿನವೂ ಎಣಿಸಿ ನೋಡಿದ್ದನ್ನು ನಾನು ಕಾಣೆ. ಇಂದಿನ ನನ್ನ ವಿಷಯಕ್ಕೆ ಅವರ ನೆನಪೇ ತಕ್ಕ ನಾಂದಿ.

ವಿಷಯವನ್ನು ನೀವೇ ಆರಿಸಿಕೊಳ್ಳಿರಿ ಎಂದು ಕಾರ್ಯದರ್ಶಿಗಳು ಪತ್ರ ಬರೆದಾಗ, ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ನಾಲ್ಕು ಮಾತುಗಳನ್ನು ಅವರು ನನ್ನಿಂದ ನಿರೀಕ್ಷಿಸಿದ್ದಿರಬೇಕು. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದವನಿಗೆ ಅದು ಸಹಜವಾದ ವಿಷಯವೇ ಸರಿ. ಆದರೆ ನಿವೃತ್ತಿಯ ತರುವಾಯ ಮೂರು ವರ್ಷ ನಾನು ಮತ್ತೆ ವಿದ್ಯಾರ್ಥಿಯಾಗಿದ್ದೆ. ಯೂರೋಪಿನ ಒಂದು ವಿಶ್ವವಿದ್ಯಾನಿಲಯವು ಅಂತರ್ಜಾಲದ ಮೂಲಕವೇ ನಡೆಸುವ, ಭಾಷೆ ಮತ್ತು ಸಂವಹನಗಳನ್ನು ಕುರಿತ ಬಹುಭಾಷಿಕ ಸ್ನಾತಕೋತ್ತರ ಪದವಿಗೆ ಹೆಸರು ನೋಂದಾಯಿಸಿ, ಊಟದ ಮೇಜಿನ ಒಂದು ಮೂಲೆಯನ್ನು ತರಗತಿಯನ್ನಾಗಿ ಮಾಡಿಕೊಂಡು, ಮೊಮ್ಮಗಳ ಶಾಲೆಯ ಪುಸ್ತಕಗಳ ಪಕ್ಕದಲ್ಲಿ ನನ್ನ ಪುಸ್ತಕಗಳನ್ನಿಟ್ಟು ಓದಿದೆ. ಆ ಓದಿನಲ್ಲಿ ನನಗೆ ದೊರೆತದ್ದೇನು, ದೊರೆಯದೆ ಹೋದದ್ದೇನು, ನಮ್ಮ ಮಕ್ಕಳು ಅಂಥ ಓದಿಗೆ ತೊಡಗುವಾಗ ಕನ್ನಡವು ಅವರ ಜೊತೆಗೆ ಎಷ್ಟು ದೂರ ಬರಬಲ್ಲದು ಎಂಬುದನ್ನು ತಮ್ಮ ಮುಂದೆ ಬಿಚ್ಚಿಡುವುದು ನನ್ನ ಉದ್ದೇಶ.

ದೂರದಿಂದ ಕಲಿಯುವುದು ಹೊಸ ಸಂಗತಿಯಲ್ಲವಾದುದರಿಂದ ಅದರ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ. 1840ರಲ್ಲಿ ಇಂಗ್ಲೆಂಡಿನಲ್ಲಿ ಅಂಚೆಯ ದರ ಒಂದು ಪೆನ್ನಿಗಿಳಿದಾಗ, ಐಸಾಕ್ ಪಿಟ್‌ಮನ್ನನು ಶೀಘ್ರಲಿಪಿಯ ಪಾಠಗಳನ್ನು ಅಂಚೆಯಲ್ಲಿ ಕಳುಹಿಸಿ, ಶಿಷ್ಯರು ಬರೆದುದನ್ನು ತಿದ್ದಿ ಹಿಂದಿರುಗಿಸತೊಡಗಿದನು. 1858ರಲ್ಲಿ ಲಂಡನ್ ವಿಶ್ವವಿದ್ಯಾನಿಲಯವು ತನ್ನ ಕಾಲೇಜುಗಳ ಮೆಟ್ಟಿಲು ಹತ್ತದವರೂ ಪರೀಕ್ಷೆಗೆ ಕುಳಿತು ಪದವಿ ಪಡೆಯಬಹುದೆಂದು ಸಾರಿತು. ನೆಲ್ಸನ್ ಮಂಡೇಲಾ ಅವರು ಸೆರೆಮನೆಯೊಳಗಿದ್ದೇ ಅಂಚೆಪಾಠಗಳ ಮೂಲಕ, ತಮ್ಮನ್ನು ಸೆರೆಯಲ್ಲಿಟ್ಟವರ ಭಾಷೆಯಾದ ಆಫ್ರಿಕಾನ್ಸನ್ನು ಅಭ್ಯಾಸ ಮಾಡಿದರೆಂಬುದು ಭಾಷೆಯ ಅಧ್ಯಾಪಕರೆಲ್ಲರೂ ನೆನೆಯತಕ್ಕ ಸಂಗತಿ. ನಮ್ಮ ದೇಶದಲ್ಲಿ 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯವೂ, 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಅಂಚೆ ಶಿಕ್ಷಣವನ್ನಾರಂಭಿಸಿದವು. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವೂ, 1996ರಲ್ಲಿ ಮೈಸೂರಿನಲ್ಲಿಯೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಹುಟ್ಟಿದವು. ನಾನು ಪಾಠ ಹೇಳುತ್ತಿದ್ದ ಶಾಲೆಯ ಗುಮಾಸ್ತರೊಬ್ಬರು ಅಂಚೆಯಲ್ಲಿ ಬರುತ್ತಿದ್ದ ಆ ತೆಳುವಾದ ಪಾಠದ ಪುಸ್ತಿಕೆಗಳನ್ನು ಬಸ್ಸಿನಲ್ಲಿ ಓದಿ ಎಂ.ಎ. ಪದವೀಧರರಾದುದನ್ನು ಕಣ್ಣಾರೆ ಕಂಡವನು ನಾನು.

ಅಂಚೆ ಶಿಕ್ಷಣಕ್ಕೂ ಮುಂಚೆಯೇ ನಮ್ಮಲ್ಲಿ ಇನ್ನೊಂದು ಬಗೆಯ ದೂರಶಿಕ್ಷಣ ನಡೆದಿತ್ತೆಂಬುದನ್ನು ಮಾತ್ರ ಬಿಡಲಾರೆ. ಕಳೆದ ಶತಮಾನದ ಮೂವತ್ತು ನಲವತ್ತರ ದಶಕಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಪ್ರಾಧ್ಯಾಪಕರನ್ನು ಊರೂರಿಗೆ ಕಳುಹಿಸಿ, ವಿಜ್ಞಾನ, ಚರಿತ್ರೆ, ಸಾಹಿತ್ಯ ಮೊದಲಾದ ವಿಷಯಗಳನ್ನು ಕನ್ನಡದಲ್ಲಿ ಜನರ ಮುಂದೆ ಇಡಿಸಿ, ಆ ಪ್ರಚಾರೋಪನ್ಯಾಸಗಳನ್ನು ಪುಟ್ಟ ಪುಸ್ತಿಕೆಗಳಾಗಿ ಅಚ್ಚುಹಾಕಿಸಿತು. ಆ ಪುಸ್ತಿಕೆಗಳಲ್ಲಿ ಕೆಲವು ನಮ್ಮ ಮನೆಯ ಅಟ್ಟದಲ್ಲಿದ್ದವು. ಯಾವ ಕಾಲೇಜನ್ನೂ ಕಾಣದ ನನ್ನ ತಂದೆ ನಕ್ಷತ್ರಗಳ ವಿಚಾರವನ್ನು ಅವುಗಳಿಂದಲೇ ತಿಳಿದುಕೊಂಡು, ಬೇಸಗೆಯ ರಾತ್ರಿಗಳಲ್ಲಿ ಅಂಗಳದಲ್ಲಿ ಚಾಪೆ ಹಾಸಿ ನಮಗೆ ಹೇಳುತ್ತಿದ್ದರು. ಗುರುವು ದೂರದಲ್ಲಿದ್ದರೂ ಮಾತು ಮನೆಯದಾಗಿದ್ದುದರಿಂದ ಆ ವಿದ್ಯೆ ಅಂಗಳದವರೆಗೆ ಬಂದು ಮುಟ್ಟಿತು. ದೂರವನ್ನು ದಾಟುವ ಕೆಲಸವನ್ನು ಅಂಚೆ ಮಾಡೀತು, ತಂತಿ ಮಾಡೀತು, ಇಂದು ಗಾಜಿನ ಎಳೆಗಳೊಳಗೆ ಹರಿಯುವ ಬೆಳಕು ಮಾಡುತ್ತಿದೆ. ಆದರೆ ಮನೆಯೊಳಗೆ ಕಾಲಿಡುವ ಕೆಲಸವನ್ನು ಭಾಷೆಯೇ ಮಾಡಬೇಕು.

ಇನ್ನು ನನ್ನ ಓದಿನ ವಿಚಾರ. ಯೂರೋಪಿನ ಪದ್ಧತಿಯಲ್ಲಿ ಎರಡು ವರ್ಷಗಳ ಸ್ನಾತಕೋತ್ತರ ಪದವಿಗೆ 120 ಕ್ರೆಡಿಟ್ಟುಗಳು. ಒಂದೊಂದು ಕ್ರೆಡಿಟ್ಟೂ ವಿದ್ಯಾರ್ಥಿಯ 25ರಿಂದ 30 ಗಂಟೆಗಳ ದುಡಿಮೆಯೆಂದು ಲೆಕ್ಕ. ಅಂದರೆ ಒಟ್ಟು ಮೂರು ಸಾವಿರ ಗಂಟೆಗಳಿಗೆ ಕಡಮೆಯಿಲ್ಲದ ಓದು. ಅಂತರ್ಜಾಲದ ಪದವಿಯೆಂದರೆ ಬಿಡುವಿನ ವೇಳೆಯಲ್ಲಿ ಸುಲಭವಾಗಿ ಮುಗಿಯುವಂಥದೆಂದು ಭಾವಿಸಿರುವ ತರುಣರು ಈ ಗಣಿತವನ್ನು ಮೊದಲು ಮಾಡತಕ್ಕದ್ದು. ನಾನು ಅದನ್ನು ಮೂರು ವರ್ಷಗಳಿಗೆ ಹಂಚಿಕೊಂಡೆ. ನೇರ ತರಗತಿಗಳು ಅಲ್ಲಿಯ ಸಂಜೆ ಆರು ಗಂಟೆಗೆ; ಬೇಸಗೆಯಲ್ಲಿ ಅದು ನಮಗೆ ರಾತ್ರಿ ಒಂಬತ್ತೂವರೆ, ಅವರು ಗಡಿಯಾರವನ್ನು ಹಿಂದಕ್ಕೆ ತಿರುಗಿಸುವ ಚಳಿಗಾಲದಲ್ಲಿ ಹತ್ತೂವರೆ. ಮಳೆಗಾಲದ ಗುಡುಗಿಗೆ ನಮ್ಮಲ್ಲಿ ಕರೆಂಟು ಹೋದರೆ ಮೊಬೈಲಿನ ಹಾಟ್‌ಸ್ಪಾಟನ್ನು ಹಚ್ಚಿ, ಅದೂ ಸಿಕ್ಕದಿದ್ದರೆ ಕತ್ತಲಲ್ಲಿ ಸುಮ್ಮನೆ ಕುಳಿತು, ಮರುದಿನ ಧ್ವನಿಮುದ್ರಿತ ಪಾಠವನ್ನು ಕೇಳುತ್ತಿದ್ದೆ. ಪಾಠ ಮುಖ್ಯವಾಗಿ ಇಂಗ್ಲಿಷಿನಲ್ಲಿ. ಓದಬೇಕಾದ ಗ್ರಂಥಗಳಲ್ಲಿ ಫ್ರೆಂಚಿನವೂ ಸ್ಪ್ಯಾನಿಷಿನವೂ ಇದ್ದವು. ನಿಬಂಧವನ್ನು ಈ ಮೂರರಲ್ಲಿ ಯಾವುದರಲ್ಲಾದರೂ ಬರೆಯಬಹುದಾಗಿತ್ತು. ಯೌವನದಲ್ಲಿ ಸಂಜೆಯ ತರಗತಿಯಲ್ಲಿ ಕಲಿತು ಮರೆತಿದ್ದ ಫ್ರೆಂಚು ನಿಘಂಟಿನ ಊರುಗೋಲು ಹಿಡಿದು ಮೆಲ್ಲನೆ ಎದ್ದು ನಿಂತಿತು.

ಮೊದಲನೆಯ ಗ್ರಂಥವೇ ಫರ್ಡಿನಾಂಡ್ ಡಿ ಸಸ್ಯೂರನದು. ಅವನು ಜಿನೀವಾದಲ್ಲಿ ಸಂಸ್ಕೃತವನ್ನು ಕಲಿಸುತ್ತಿದ್ದವನು. ಸಂಸ್ಕೃತದ ಸತಿಷಷ್ಠೀ ಪ್ರಯೋಗವನ್ನು ಕುರಿತು ಪ್ರಬಂಧ ಬರೆದು ಪದವಿ ಪಡೆದವನು. 1907ರಿಂದ 1911ರವರೆಗೆ ಮೂರು ಬಾರಿ ಅವನು ಸಾಮಾನ್ಯ ಭಾಷಾಶಾಸ್ತ್ರವನ್ನು ಬೋಧಿಸಿ, ಅದನ್ನು ಗ್ರಂಥರೂಪಕ್ಕೆ ತಾರದೆ 1913ರಲ್ಲಿ ತೀರಿಕೊಂಡನು. ಆ ಉಪನ್ಯಾಸಗಳಿಗೆ ಸ್ವತಃ ಹಾಜರಾಗಿರದ ಇಬ್ಬರು ಸಹೋದ್ಯೋಗಿಗಳು, ಬಾಯಿ ಮತ್ತು ಸೆಶೆಹೇ ಎಂಬವರು, ವಿದ್ಯಾರ್ಥಿಗಳು ಗೀಚಿಕೊಂಡಿದ್ದ ಟಿಪ್ಪಣಿಗಳನ್ನು ಕಲೆಹಾಕಿ 1916ರಲ್ಲಿ ಅದನ್ನು ಪುಸ್ತಕವನ್ನಾಗಿ ಪ್ರಕಟಿಸಿದರು. ಆಧುನಿಕ ಭಾಷಾಶಾಸ್ತ್ರದ ಮೂಲಗ್ರಂಥವೆನಿಸಿದ್ದು ಗುರುವಿನ ಮುಖವನ್ನು ಆ ಪಾಠಗಳಲ್ಲಿ ಕಾಣದವರು ಕೂಡಿಸಿಕೊಟ್ಟ ಗ್ರಂಥವೆಂಬುದನ್ನು ತಿಳಿದಾಗ, ಪರದೆಯ ಮುಂದೆ ಒಂಟಿಯಾಗಿ ಕುಳಿತಿದ್ದ ನನಗೆ ಬಹಳ ಧೈರ್ಯ ಬಂದಿತು. ಅಂದಿನಿಂದ ನನ್ನ ಟಿಪ್ಪಣಿಗಳನ್ನು ನಾನು ಹೆಚ್ಚು ಗೌರವದಿಂದ ಬರೆದುಕೊಂಡೆ.

ಆ ಟಿಪ್ಪಣಿಗಳು ಕನ್ನಡದಲ್ಲಿದ್ದವು. ಇದನ್ನು ಒತ್ತಿ ಹೇಳುತ್ತೇನೆ. ಏಕೆಂದರೆ ನನ್ನ ಕಲಿಕೆ ನಡೆದದ್ದು ಅಲ್ಲಿಯೇ. ಇಂಗ್ಲಿಷಿನ ಪುಟವನ್ನೋದಿ, ಅದು ಅರ್ಥವಾಯಿತೆಂದು ಭ್ರಮಿಸಿ, ಕನ್ನಡದಲ್ಲಿ ಅದರ ಸಾರವನ್ನು ಬರೆಯಹೊರಟಾಗ ಲೇಖನಿ ನಿಂತುಬಿಡುತ್ತಿತ್ತು; ನಿಂತ ಎಡೆಯಲ್ಲಿಯೇ ನನಗೆ ತಿಳಿಯದಿದ್ದುದು ಏನೆಂಬುದು ಕಾಣುತ್ತಿತ್ತು. ಹೀಗೆ ಒಂದು ಭಾಷೆಯಲ್ಲಿ ಗ್ರಹಿಸಿ ಇನ್ನೊಂದರಲ್ಲಿ ಹೊರಗಿಡುವುದನ್ನು ಬೋಧನೆಯ ಕ್ರಮವನ್ನಾಗಿಯೇ ಬಳಸಬಹುದೆಂದು ವೇಲ್ಸ್ ದೇಶದ ಸೆನ್ ವಿಲಿಯಮ್ಸ್ ಎಂಬ ಶಿಕ್ಷಣತಜ್ಞರು 1994ರಲ್ಲಿ ತಮ್ಮ ಸಂಶೋಧನೆಯಲ್ಲಿ ನಿರೂಪಿಸಿದರು. ಅವರ ಶಾಲೆಗಳಲ್ಲಿ ಮಕ್ಕಳು ಇಂಗ್ಲಿಷಿನಲ್ಲಿ ಓದಿ ವೆಲ್ಷ್ ಭಾಷೆಯಲ್ಲಿ ಬರೆಯುತ್ತಿದ್ದರು, ಕೆಲವೊಮ್ಮೆ ವೆಲ್ಷಿನಲ್ಲಿ ಓದಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಆ ಪದ್ಧತಿಗೆ ಅವರಿತ್ತ ವೆಲ್ಷ್ ಹೆಸರು ಇಂಗ್ಲಿಷಿಗೆ ಬಂದು ಟ್ರಾನ್ಸ್‌ಲ್ಯಾಂಗ್ವೇಜಿಂಗ್ ಎಂದಾಗಿ, ಇಂದು ಲೋಕದ ಶಿಕ್ಷಣಶಾಸ್ತ್ರದಲ್ಲೆಲ್ಲ ಕೇಳಿಬರುತ್ತಿದೆ. ಆ ಅಧ್ಯಾಯವನ್ನೋದಿದ ರಾತ್ರಿ, ಇಂಗ್ಲಿಷು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದ ಅರ್ಥ ಬರೆದುಕೊಳ್ಳುತ್ತಿದ್ದ ನನ್ನ ವಿದ್ಯಾರ್ಥಿಗಳನ್ನು ನಾನು ಎಷ್ಟು ಬಾರಿ ಗದರಿಸಿದ್ದೆನೆಂಬುದು ನೆನಪಾಗಿ, ನಿದ್ರೆ ಬರಲಿಲ್ಲ. ಅವರು ಮಾಡುತ್ತಿದ್ದುದು ಸರಿಯಾದ ಕೆಲಸ. ಗದರಿಸಿದ್ದು ನನ್ನ ತಪ್ಪು.

ಎರಡನೆಯ ವರ್ಷದ ಒಂದು ಅಭ್ಯಾಸವನ್ನು ತುಸು ವಿವರವಾಗಿ ಹೇಳಬೇಕು. ದಿನನಿತ್ಯದ ಸಂಭಾಷಣೆಯೊಂದನ್ನು ಮಾತಾಡುವವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ, ಅದರಲ್ಲಿ ಏಳು ನಿಮಿಷಗಳನ್ನು ಉಸಿರು, ತಡವರಿಕೆ, ಮೌನಗಳ ಸಹಿತವಾಗಿ ಬರಹಕ್ಕಿಳಿಸಬೇಕಾಗಿತ್ತು. ನಾನು ಆರಿಸಿಕೊಂಡದ್ದು ನಮ್ಮ ಬೀದಿಯ ಜಿನಸಿ ಅಂಗಡಿಯನ್ನು. ಒಪ್ಪಿಗೆಯ ಪತ್ರ ಇಂಗ್ಲಿಷಿನಲ್ಲಿ ಬಂದಿತ್ತು. ಅದನ್ನು ಕನ್ನಡಕ್ಕೆ ತಿರುಗಿಸಿ ಅಂಗಡಿಯವರಿಗೂ ಅವರ ಪತ್ನಿಗೂ ಓದಿಹೇಳಿದೆ. ಆ ತಾಯಿ ತಕ್ಕಡಿಗೆ ಬೆಲ್ಲ ಹಾಕುತ್ತಲೇ ಎಲ್ಲವನ್ನೂ ಕೇಳಿ, "ಮಾಸ್ಟ್ರೇ, ಹೆಸರು ಹಾಕ್ಬೇಡಿ ಆಯ್ತಾ, ಮಾತು ಬೇಕಾದ್ರೆ ಹಾಕಿ" ಎಂದರು. ಸಂಶೋಧನೆಯ ನೀತಿಯನ್ನು ಕುರಿತು ನಾನು ಓದಿದ ಇಪ್ಪತ್ತು ಪುಟಗಳ ತಿರುಳು ಆ ಒಂದು ವಾಕ್ಯದಲ್ಲಿತ್ತು.

ಏಳು ನಿಮಿಷಗಳನ್ನು ಬರೆದು ಮುಗಿಸಲು ನನಗೆ ಹನ್ನೊಂದು ಸಂಜೆಗಳು ಬೇಕಾದವು. ಮೀನಿನ ಬುಟ್ಟಿಯನ್ನು ಹೊರಗಿಳಿಸಿ ಒಳಬಂದವಳು 'ಏತ್' ಎಂದು ತುಳುವಿನಲ್ಲಿ ಬೆಲೆ ಕೇಳುತ್ತಾಳೆ. ಅಂಗಡಿಯವರು ತುಳುವಿನಲ್ಲಿಯೇ ಉತ್ತರಿಸಿ, ಅರ್ಧ ಉಸಿರಿನಲ್ಲಿ ಹಿಂದಿರುಗಿ ಪತ್ನಿಯನ್ನು ಕೊಂಕಣಿಯಲ್ಲಿ ಏನೋ ಕೇಳುತ್ತಾರೆ. ಶಾಲೆಯ ಹುಡುಗ ಬಂದು 'ಎಷ್ಟು' ಎಂದಾಗ ಕನ್ನಡ. ಲೆಕ್ಕ ಹಾಕುವಾಗ ಅಂಕೆಗಳು ಮಾತ್ರ ಇಂಗ್ಲಿಷು. ಇಲ್ಲಿ ಯಾರೂ ಭಾಷೆಯನ್ನು ಬದಲಾಯಿಸಿದೆನೆಂದು ತಿಳಿಯರು; ಎದುರಿಗಿರುವವರ ಮುಖವನ್ನು ನೋಡಿದ ಮಾತ್ರಕ್ಕೆ ನಾಲಗೆ ತಾನಾಗಿ ತಿರುಗಿಕೊಳ್ಳುತ್ತದೆ. ಮಾತಿನ ನಡುವಿನ 'ಹೂಂ' ಎಂಬುದೊಂದನ್ನೇ ತೆಗೆದುಕೊಂಡರೂ, ಕೇಳುತ್ತಿದ್ದೇನೆ ಎಂಬ 'ಹೂಂ' ಬೇರೆ, ಒಪ್ಪಿದೆ ಎಂಬುದು ಬೇರೆ, ಸಾಲ ಕೊಡಲು ಮನಸ್ಸಿಲ್ಲದವನ ಎಳೆದ 'ಹೂಂ' ಮತ್ತೂ ಬೇರೆ. ಮೂವತ್ತೊಂದು ವರ್ಷ ಕಲಿಸಿದ ವ್ಯಾಕರಣದಲ್ಲಿ ಇವನ್ನೆಲ್ಲ ನಾನು ಅವ್ಯಯವೆಂಬ ಒಂದೇ ಡಬ್ಬಿಯಲ್ಲಿ ತುಂಬಿ ಮುಚ್ಚಳ ಹಾಕಿದ್ದೆ.

ಆ ಬರಹದಲ್ಲಿ 'ಬಂದಳಂತೆ' ಎಂಬ ಒಂದು ಮಾತಿತ್ತು. ಅಲ್ಲಿಯ 'ಅಂತೆ'ಯನ್ನು ಸಹಪಾಠಿಗಳಿಗೆ ಇಂಗ್ಲಿಷಿನಲ್ಲಿ ವಿವರಿಸಲು ನಾನು ತಿಣುಕುತ್ತಿದ್ದೆ: ಇದು ನಾನು ಕಂಡ ಸಂಗತಿಯಲ್ಲ, ಕೇಳಿದ್ದು, ಸುಳ್ಳಾದರೆ ಹೊಣೆ ನನ್ನದಲ್ಲ, ಆದರೂ ನಂಬಬಹುದು ಎಂಬ ಇಷ್ಟು ಅರ್ಥವನ್ನು ಆ ಪುಟ್ಟ ಪ್ರತ್ಯಯ ಹೊತ್ತು ನಿಂತಿದೆ. ಆಗ ಇಸ್ತಾಂಬುಲಿನಿಂದ ಪಾಠ ಕೇಳುತ್ತಿದ್ದ ಒಬ್ಬ ಹೆಣ್ಣುಮಗಳು, ತುರ್ಕಿಯಲ್ಲಿ ಕಣ್ಣಾರೆ ಕಂಡು ಹೇಳಿದರೆ 'ಗೆಲ್ದಿ', ಬೇರೆಯವರಿಂದ ಕೇಳಿ ಹೇಳಿದರೆ 'ಗೆಲ್ಮಿಶ್' ಎನ್ನುತ್ತೇವೆ ಎಂದಳು. ಬಂದನು, ಬಂದನಂತೆ! ಉತ್ಸಾಹದಲ್ಲಿ ನಾನು ನಮ್ಮ 'ಪುಸ್ತಕ ಗಿಸ್ತಕ'ವನ್ನೂ 'ಕಾಫಿ ಗೀಫಿ'ಯನ್ನೂ ಹೇಳಿದೆ. ಅವಳು ತಡಮಾಡದೆ 'ಕಿತಾಪ್ ಮಿತಾಪ್' ಎಂದಳು. ನಾವು 'ಗಿ' ಹಾಕುವಲ್ಲಿ ಅವರು 'ಮ' ಹಾಕುತ್ತಾರೆ, ಅಷ್ಟೆ. ಅಂದಿನ ಪಾಠ ಮುಗಿದ ಮೇಲೂ ನಾವಿಬ್ಬರೂ ಬಹಳ ಹೊತ್ತು ಇಂಥ ಜೋಡಿಗಳನ್ನು ವಿನಿಮಯ ಮಾಡಿಕೊಳ್ಳುತ್ತಿದ್ದೆವು. ಇಂಗ್ಲಿಷು ಆ ರಾತ್ರಿ ಎರಡು ಮನೆಗಳ ನಡುವಣ ಸೇತುವೆಯಾಗಿತ್ತು. ಸೇತುವೆಯಾಗಿ ಅದರ ಉಪಕಾರ ದೊಡ್ಡದು. ಆದರೆ ವಿದ್ಯೆ ಹುಟ್ಟಿದ್ದು ಸೇತುವೆಯ ಎರಡು ತುದಿಗಳಲ್ಲಿ.

ಆ ಪಠ್ಯಕ್ರಮದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಅಲುಗಿಸಿದ್ದು 1971ರಲ್ಲಿ ಪ್ರಕಟವಾದ ಒಂದು ಪ್ರಬಂಧ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ಬರೆದ ಅದು ಭಾಷಾಸಂಪರ್ಕವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಲೋಕದ ನಾನಾ ಕಡೆಗಳಲ್ಲಿ ಇಂದಿಗೂ ಓದುವ ಲೇಖನ. ವಾರದ ಪಾಠವೆಂದು ಅದನ್ನು ತೆರೆದರೆ, ಅದರಲ್ಲಿದ್ದುದು ಸಾಂಗಲಿ ಜಿಲ್ಲೆಯ, ನಮ್ಮ ಗಡಿಗೆ ಸಮೀಪವಾದ ಕುಪ್ವಾಡವೆಂಬ ಅಂದಿನ ಹಳ್ಳಿ! ಅಲ್ಲಿ ಜೈನರ ಮನೆಗಳಲ್ಲಿ ಕನ್ನಡ, ಮುಸಲ್ಮಾನರ ಮನೆಗಳಲ್ಲಿ ಉರ್ದು, ಇನ್ನು ಹಲವರಲ್ಲಿ ಮರಾಠಿ, ಕೆಲವು ಕುಟುಂಬಗಳಲ್ಲಿ ತೆಲುಗು. ಶತಮಾನಗಳ ಕಾಲ ಒಂದೇ ಊರಿನಲ್ಲಿ ಉತ್ತು ಬಿತ್ತು ಕೊಟ್ಟು ಕೊಂಡು ಬಾಳಿದುದರಿಂದ, ಆ ಭಾಷೆಗಳ ಶಬ್ದಗಳು ತಮ್ಮ ತಮ್ಮ ಮನೆಗಳಲ್ಲಿ ಬೇರೆಬೇರೆಯಾಗಿಯೇ ಉಳಿದು, ವಾಕ್ಯಗಳ ಕಟ್ಟು ಮಾತ್ರ ಒಂದಾಗಿಬಿಟ್ಟಿದೆ. ಉರ್ದುವಿನ ವಾಕ್ಯದಲ್ಲಿ ಒಂದೊಂದು ಪದವನ್ನು ಕಿತ್ತು ಆ ಸ್ಥಾನದಲ್ಲಿ ಕನ್ನಡದ ಪದವನ್ನು ಕೂರಿಸಿದರೆ ಅದು ಆ ಊರಿನ ಶುದ್ಧ ಕನ್ನಡವೇ ಆಗುತ್ತದೆ. ನಾವು 'ಇದು ನಿಮ್ಮ ಮನೆ' ಎಂದು ಕ್ರಿಯಾಪದವಿಲ್ಲದೆ ಮುಗಿಸುವ ವಾಕ್ಯಕ್ಕೆ ಅಲ್ಲಿ, ಮರಾಠಿ ಉರ್ದುಗಳ ಹಾಗೆ, 'ಐತಿ' ಎಂಬುದು ಬಂದು ಸೇರಲೇಬೇಕು.

ಆ ಭಾಷೆಗಳು ಒಂದೇ ಆಗಿ ಕರಗಿಹೋಗದೆ ಉಳಿದದ್ದು ಹೇಗೆ? ಮನೆಯ ಮಾತು ಮನೆಯವರ ಗುರುತಾಗಿದ್ದುದರಿಂದ ಅದನ್ನು ಯಾರೂ ಬಿಡಲಿಲ್ಲ; ಹೊರಗಿನ ಮಾತು ವ್ಯವಹಾರಕ್ಕೆ ಬೇಕಾಗಿದ್ದುದರಿಂದ ಅದನ್ನೂ ಯಾರೂ ಬಿಡಲಿಲ್ಲ. ನನ್ನ ಸಹಪಾಠಿಗಳಿಗೆ ಕುಪ್ವಾಡವು ದೂರದೇಶದ ಒಂದು ಅಪೂರ್ವ ಉದಾಹರಣೆ. ನನಗಾದರೋ ಅದು ಗುರುತಿನ ನೆಲ. ಮಿರಜಿನ ರೈಲು ನಿಲ್ದಾಣದಲ್ಲಿ ಹೋಲ್ಡಾಲಿನ ಮೇಲೆ ಕುಳಿತು ರಾತ್ರಿ ಕಳೆದಾಗ ಚಹಾ ಮಾರುವವನ ಬಾಯಲ್ಲಿ ಕೇಳಿದ್ದ ಕನ್ನಡ ಅದೇ. ಆಗ ಅದನ್ನು ಕೆಟ್ಟ ಕನ್ನಡವೆಂದು ಎಣಿಸಿದ್ದೆ. ಅದೊಂದು ನಿಯಮಬದ್ಧವಾದ, ಶತಮಾನಗಳ ಸಹಜೀವನವು ಕೆತ್ತಿದ ಕನ್ನಡವೆಂದು ತಿಳಿಯಲು ನಾನು ಯೂರೋಪಿನ ಪಾಠಶಾಲೆಯನ್ನು ಸೇರಬೇಕಾಯಿತು.

ಇಷ್ಟೆಲ್ಲ ಉಪಕಾರವನ್ನು ಕೃತಜ್ಞತೆಯಿಂದ ನೆನೆದ ಮೇಲೆ, ನೋವಾದ ಸಂಗತಿಯೊಂದನ್ನೂ ಹೇಳಬೇಕು. ಅಂಗಡಿಯ ಸಂಭಾಷಣೆಯನ್ನು ನಾನು ಕನ್ನಡ ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ಉಚ್ಚಾರಣೆಯ ಅಂತರರಾಷ್ಟ್ರೀಯ ಸಂಕೇತಗಳನ್ನೂ ಇಂಗ್ಲಿಷು ಅನುವಾದವನ್ನೂ ಕೊಟ್ಟು, ನಿಗದಿಯಾದ ರಾತ್ರಿ ವಿಶ್ವವಿದ್ಯಾನಿಲಯದ ಜಾಲಕ್ಕೆ ಏರಿಸಿದೆ. ಮರುದಿನ ತೆರೆದು ನೋಡಿದರೆ ಒತ್ತಕ್ಷರಗಳೆಲ್ಲ ಒಡೆದು, ಕೊಂಬು ದೀರ್ಘಗಳು ತಮ್ಮ ಅಕ್ಷರಗಳನ್ನು ಬಿಟ್ಟು ಬೇರೆ ನಿಂತು, ಹಲವೆಡೆ ಬರಿಯ ಚೌಕಗಳ ಸಾಲು ಕಾಣಿಸಿತು. ಹನ್ನೊಂದು ಸಂಜೆಗಳ ಕೆಲಸ ನೆರೆಯಲ್ಲಿ ಕೊಚ್ಚಿಹೋದ ಗದ್ದೆಯಂತೆ ಕಂಡಿತು. ದೂರು ಬರೆದಾಗ, ರೋಮನ್ ಲಿಪಿಯಲ್ಲಿ ಬರೆದರೆ ತೊಂದರೆಯಿರುವುದಿಲ್ಲ ಎಂಬ ಸೌಜನ್ಯದ ಉತ್ತರ ಬಂದಿತು. ಬಹುಭಾಷಿಕವೆಂದು ಹೆಸರಾಂತ ಪದವಿಯೊಂದರಲ್ಲಿ ನನ್ನ ಭಾಷೆಗೆ ಅದರದೇ ಬಟ್ಟೆ ತೊಟ್ಟು ಒಳಬರಲು ಎಡೆಯಿಲ್ಲವೆಂಬುದು ನನ್ನನ್ನು ಬಹಳ ದಿನ ಕಾಡಿತು. ಕೊನೆಗೆ ಆ ಪುಟಗಳ ಛಾಯಾಚಿತ್ರಗಳನ್ನು ತೆಗೆದು ಅಂಟಿಸಿ ಕಳುಹಿಸಿದೆ. ಲಿಪಿಯನ್ನು ಮಾತ್ರ ಬದಲಿಸಲಿಲ್ಲ.

ದೋಷ ಕನ್ನಡದ್ದಲ್ಲ, ಯಂತ್ರದ್ದೂ ಪೂರ್ತಿಯಾಗಿ ಅಲ್ಲ. ಯೂನಿಕೋಡ್ ಎಂಬ ಜಾಗತಿಕ ಸಂಕೇತವ್ಯವಸ್ಥೆಯಲ್ಲಿ ಅದರ ಮೊದಲನೆಯ ಆವೃತ್ತಿಯಾದ 1991ರಿಂದಲೇ ಕನ್ನಡಕ್ಕೆ ಸ್ಥಾನವಿದೆ. ಆದರೆ ಆ ಸ್ಥಾನದಲ್ಲಿ ಬಿಡಿಬಿಡಿಯಾಗಿ ನಿಂತ ಅಕ್ಷರಗಳನ್ನು ಕೂಡಿಸಿ 'ಕ್ಷ'ವನ್ನೋ 'ಸ್ತ್ರೀ'ಯನ್ನೋ ಕಟ್ಟಿಕೊಡುವುದು ತಂತ್ರಾಂಶಗಳ ಮತ್ತು ಫಾಂಟುಗಳ ಕೆಲಸ. ಆ ಕೆಲಸವನ್ನು ಯಾರಾದರೂ ಶ್ರದ್ಧೆಯಿಂದ ಮಾಡಬೇಕು, ಮಾಡಿಸಬೇಕು. ನಮ್ಮ ಈ ಕರಾವಳಿಯವರೇ ಆದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದಲ್ಲವೆ ಇಂದು ಲಕ್ಷಾಂತರ ಜನ ಗಣಕದಲ್ಲಿ ಕನ್ನಡವನ್ನು ನಿರಾಯಾಸವಾಗಿ ಬೆರಳಚ್ಚಿಸುತ್ತಿರುವುದು? ಹಿಂದೆ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆಗಳನ್ನು ಜೋಡಿಸಿ 1894ರಲ್ಲಿ ಕಿಟ್ಟೆಲ್ಲರ ನಿಘಂಟನ್ನು ಹೊರತಂದವರ ಕೈಗಳೂ ಇದೇ ಕೆಲಸವನ್ನು ಮಾಡಿದವು.

ಇದನ್ನೆಲ್ಲ ಹೇಳುತ್ತಿರುವುದು ಒಂದು ಪ್ರಶ್ನೆಗಾಗಿ. ಯಾವ ಪದವಿಯನ್ನು ಬಹುಭಾಷಿಕವೆನ್ನೋಣ? ಮೂರು ದೊಡ್ಡ ಭಾಷೆಗಳಲ್ಲಿ ಪಾಠವಿದ್ದ ಮಾತ್ರಕ್ಕೆ ಆ ಹೆಸರು ಸಲ್ಲದೆಂಬುದು ಮೂರು ವರ್ಷಗಳ ಅನುಭವದಿಂದ ನಾನು ತಳೆದ ನಿರ್ಧಾರ. ವಿದ್ಯಾರ್ಥಿಯು ಮನೆಯಿಂದ ತಂದ ಭಾಷೆಯನ್ನು ಚಪ್ಪಲಿಯಂತೆ ಬಾಗಿಲಲ್ಲಿ ಕಳಚಿಟ್ಟು ಬರಬೇಕಾಗಿದ್ದರೆ, ಒಳಗೆ ಎಷ್ಟು ಭಾಷೆಗಳಿದ್ದರೇನು? ಅವನು ತನ್ನ ಭಾಷೆಯಲ್ಲಿ ಯೋಚಿಸಿ, ಅದರಲ್ಲಿ ಟಿಪ್ಪಣಿ ಬರೆದು, ಅದನ್ನು ಸಾಕ್ಷ್ಯವಾಗಿಟ್ಟು, ಕಡೆಗೆ ತನ್ನ ಸಿದ್ಧಾಂತದ ಒಂದಂಶವನ್ನಾದರೂ ಅದರಲ್ಲಿ ಮಂಡಿಸಬಲ್ಲವನಾದರೆ, ಪಾಠದ ಭಾಷೆ ಒಂದೇ ಆಗಿದ್ದರೂ ಅದು ಬಹುಭಾಷಿಕ ವಿದ್ಯೆ.

ಹಾಗೆ ಆಗುವುದು ಅಸಾಧ್ಯವೆನ್ನುವವರಿಗೆ ಕ್ಯಾಟಲನ್ ಭಾಷೆಯ ಕಥೆಯನ್ನು ಹೇಳುತ್ತೇನೆ. ಸ್ಪೇನಿನ ಈಶಾನ್ಯ ಭಾಗದ ಆ ಭಾಷೆಗೆ, 1939ರಿಂದ 1975ರವರೆಗೆ ನಡೆದ ಫ್ರಾಂಕೋನ ಆಳ್ವಿಕೆಯ ಬಹುಕಾಲ, ಶಾಲೆಗಳಲ್ಲಿ ಪ್ರವೇಶವಿರಲಿಲ್ಲ. ಆದರೆ ಅದಕ್ಕೂ ಮೊದಲೇ ಪೊಂಪೇಉ ಫಾಬ್ರಾ ಎಂಬವನು, ವೃತ್ತಿಶಿಕ್ಷಣದಿಂದ ಎಂಜಿನಿಯರನಾಗಿದ್ದವನು, 1913ರಲ್ಲಿ ಅದರ ಕಾಗುಣಿತದ ನಿಯಮಗಳನ್ನು ಗೊತ್ತುಪಡಿಸಿದ್ದನು. 1932ರಲ್ಲಿ ಅದರ ನಿಘಂಟನ್ನು ಪ್ರಕಟಿಸಿದ್ದನು. ಆ ಅಡಿಪಾಯದ ಮೇಲೆ, ನಿಷೇ‌ಧದ ಕಾಲ ಕಳೆದು ಇಪ್ಪತ್ತು ವರ್ಷಗಳೊಳಗೆ, ಬಾರ್ಸಿಲೋನಾದಲ್ಲಿ ಕ್ಯಾಟಲೋನಿಯಾದ ಮುಕ್ತ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, 1995ರಲ್ಲಿ ಕ್ಯಾಟಲನ್ ಭಾಷೆಯಲ್ಲಿ ಅಂತರ್ಜಾಲದ ಪಾಠಗಳನ್ನು ಆರಂಭಿಸಿತು. ಪೂರ್ಣವಾಗಿ ಅಂತರ್ಜಾಲದಲ್ಲಿಯೇ ನಡೆಯುವ ವಿಶ್ವವಿದ್ಯಾನಿಲಯಗಳಲ್ಲಿ ಲೋಕದಲ್ಲಿಯೇ ಮೊಟ್ಟಮೊದಲಿನವುಗಳ ಸಾಲಿಗೆ ಅದು ಸೇರಿದೆ. ಹೊಸ ಯಂತ್ರ ಬಂದಾಗ ದೊಡ್ಡ ಭಾಷೆಗಳು ಮೊದಲು ಹತ್ತಲಿ, ಆಮೇಲೆ ನಾವು ನೋಡೋಣ ಎಂದು ಆ ಜನ ಕಾಯಲಿಲ್ಲ. ನಮ್ಮಲ್ಲಿಯೂ ಕನ್ನಡವನ್ನು ಎಂ.ಎ. ತರಗತಿಯಲ್ಲಿ ಓದಲು ಏನಿದೆಯೆಂದು ಕೇಳುವವರಿದ್ದ ದಿನಗಳಲ್ಲಿ, 1927ರಲ್ಲಿ ಮೈಸೂರಿನಲ್ಲಿ ಆ ತರಗತಿ ಪ್ರಾರಂಭವಾಯಿತು. ಕುವೆಂಪು ಮತ್ತು ಡಿ.ಎಲ್. ನರಸಿಂಹಾಚಾರ್ ಅದರ ಮೊದಲ ತಂಡದ ವಿದ್ಯಾರ್ಥಿಗಳು.

ಇಂಥ ಅಂತರ್ಜಾಲದ ಓದಿಗೆ ತೊಡಗಬೇಕೆಂದಿರುವ ತರುಣರು ಈ ಸಭೆಯಲ್ಲಿದ್ದಾರೆ; ಅವರಿಗೆ ಎರಡು ವ್ಯಾವಹಾರಿಕ ಮಾತುಗಳು. ನಮ್ಮ ದೇಶದ ವಿಶ್ವವಿದ್ಯಾನಿಲಯಗಳು ಅಂತರ್ಜಾಲದಲ್ಲಿ ಕೊಡುವ ಪದವಿಗಳಿಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2020ರ ನಿಯಮಾವಳಿಯಿದೆ. ಆಯಾ ಸಂಸ್ಥೆಗೆ, ಆಯಾ ಪದವಿಗೆ ಅನುಮತಿಯಿದೆಯೇ ಎಂಬುದನ್ನು ಆಯೋಗದ ಪಟ್ಟಿಯಲ್ಲಿ ನೋಡಿಯೇ ಶುಲ್ಕ ಕಟ್ಟಬೇಕು. ವಿದೇಶದ ಪದವಿಯಾದರೆ, ಉದ್ಯೋಗಕ್ಕಾಗಿ ಅದಕ್ಕೆ ಇಲ್ಲಿ ಮಾನ್ಯತೆ ದೊರೆಯುವುದೇ ಎಂಬುದನ್ನು ಮುಂಚಿತವಾಗಿ ವಿಚಾರಿಸಬೇಕು. ನನ್ನಂತೆ ಬರಿಯ ಜ್ಞಾನದಾಹದಿಂದ ಹೋಗುವವರಿಗೆ ಮಾತ್ರ ಆ ಚಿಂತೆಯಿಲ್ಲ. ಇನ್ನೊಂದು, ಒಂಟಿಯಾಗಿ ಓದಬೇಡಿ. ಪರದೆಯ ಆಚೆಗಿನ ಗೆಳೆಯರು ಎಷ್ಟೇ ಒಳ್ಳೆಯವರಿರಲಿ, ಅರ್ಥವಾಗದ ಪುಟವೊಂದನ್ನು ನಿಮ್ಮ ಭಾಷೆಯಲ್ಲಿ ಜೋರಾಗಿ ಓದಿಹೇಳಿ ಚರ್ಚಿಸಲು ಒಬ್ಬರು ಹತ್ತಿರದಲ್ಲಿರಬೇಕು. ನನಗೆ ಮೊಮ್ಮಗಳಿದ್ದಳು. ಹನ್ನೆರಡು ವರ್ಷದ ಅವಳಿಗೆ ಅರ್ಥವಾಗುವಂತೆ ಹೇಳಲಾಗದಿದ್ದುದನ್ನು ನಾನು ನಿಬಂಧದಲ್ಲಿ ಬರೆಯಲಿಲ್ಲ.

ಈ ಉಪನ್ಯಾಸದ ದತ್ತಿಯನ್ನು ಸ್ಥಾಪಿಸಿದ ಕುಟುಂಬದ ಬಂಧುಗಳಲ್ಲಿ ನನ್ನದೊಂದು ಬಿನ್ನಹವಿದೆ. ಭಾಷೆ ಮತ್ತು ಸಂವಹನಶಾಸ್ತ್ರದ ಪಾರಿಭಾಷಿಕ ಪದಗಳನ್ನು ಕುರಿತು, ನಮ್ಮ ಜಿಲ್ಲೆಯ ಬಹುಭಾಷಿಕ ಬದುಕಿನಿಂದಲೇ ಉದಾಹರಣೆಗಳನ್ನಾಯ್ದುಕೊಂಡ ಪುಟ್ಟ ಪುಸ್ತಿಕೆಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಲು ಮುಂದಿನ ವರ್ಷದ ಬಡ್ಡಿಯನ್ನು ಮೀಸಲಿಡಬಹುದಾದರೆ, ಬರವಣಿಗೆಯ ಹೊಣೆಯನ್ನು ನಾನು ಹೊರುತ್ತೇನೆ. ನನ್ನ ಆರು ನೋಟುಬುಕ್ಕುಗಳು ಆ ಕೆಲಸಕ್ಕಾಗಿಯೇ ಕಾದಿವೆ.

ನಿಬಂಧವನ್ನು ಒಪ್ಪಿಸಿ ಫಲಿತಾಂಶ ಬಂದ ವಾರ, ಅಂಗಡಿಯ ಸಂಭಾಷಣೆಯ ಪುಟಗಳನ್ನು ಮುದ್ರಿಸಿಕೊಂಡು ಆ ದಂಪತಿಗಳಿಗೆ ತೋರಿಸಲು ಹೋದೆ. ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು. ಅಕ್ಕಿಯ ಮೂಟೆಯ ಮೇಲೆ ಕುಳಿತು ಒಂದೊಂದೇ ಸಾಲನ್ನು ಓದಿದೆ. ತಮ್ಮ ಮಾತನ್ನು ತಾವೇ ಕೇಳುತ್ತ ಅಂಗಡಿಯವರು ನಗುತ್ತಿದ್ದರು. ಮೂರನೆಯ ಪುಟಕ್ಕೆ ಬಂದಾಗ ಆ ತಾಯಿ ಕೈಯೆತ್ತಿ ನಿಲ್ಲಿಸಿದರು. ನಾನು ತುಳುವೆಂದು ಗುರುತುಹಾಕಿ, ಅದರ ಮೇಲೆ ಅರ್ಧ ಪುಟ ವಿವರಣೆಯನ್ನೂ ಬರೆದಿದ್ದ ಒಂದು ಸಣ್ಣ ಶಬ್ದವನ್ನು ಮತ್ತೊಮ್ಮೆ ಓದಿಸಿದರು. "ಅದು ತುಳು ಅಲ್ಲ ಮಾಸ್ಟ್ರೇ, ನಮ್ಮ ಕೊಂಕಣಿ. ನಾನು ಇವರಿಗೆ ಹೇಳಿದ್ದು, ಅವಳಿಗಲ್ಲ" ಎಂದರು. ಧ್ವನಿಮುದ್ರಿಕೆಯನ್ನು ತೆಗೆದು ಮೂವರೂ ಕಿವಿಗೊಟ್ಟೆವು. ಅವರೆಂದದ್ದೇ ಸರಿ. ವಿಶ್ವವಿದ್ಯಾನಿಲಯದ ಭಂಡಾರದಲ್ಲಿರುವ ಪ್ರತಿಯನ್ನು ಇನ್ನು ಬದಲಿಸುವಂತಿಲ್ಲ. ಅಂಗಡಿಯ ಲೆಕ್ಕದ ಪುಸ್ತಕದ ಪಕ್ಕದಲ್ಲಿದ್ದ ಮೋಟು ಪೆನ್ಸಿಲನ್ನು ಕೇಳಿ ಪಡೆದು, ನನ್ನ ಪ್ರತಿಯಲ್ಲಿ ಆ ಶಬ್ದವನ್ನು ಅಲ್ಲಿಯೇ ತಿದ್ದಿಕೊಂಡು ಮನೆಗೆ ಬಂದೆ.